ಮೊದಲು ಮರ, ಆಮೇಲೆ ನಕ್ಷೆ: ನಮ್ಮೂರ ನಾಟಾದಲ್ಲಿ ಮನೆ ಮಾಡಿಸುವವರಿಗೆ

ಪಾಯ ಮುಗಿದು ಗೋಡೆ ಏಳುವ ಹೊತ್ತಿಗೆ ಮೇಸ್ತ್ರಿ ಕೇಳುತ್ತಾರೆ: "ದಾರಂದ (ಬಾಗಿಲ ಚೌಕಟ್ಟು) ಯಾವಾಗ ಬರುತ್ತೆ?" ಹೆಚ್ಚಿನ ಮನೆಯವರಿಗೆ ಮರದ ನೆನಪಾಗುವುದು ಆಗಲೇ. ಅವಸರದಲ್ಲಿ ಟಿಂಬರ್ ಅಂಗಡಿಗೆ ಓಡುತ್ತಾರೆ. ಅಲ್ಲಿ ಘಾನಾದಿಂದಲೋ ಈಕ್ವೆಡಾರ್‌ನಿಂದಲೋ ಹಡಗು ಹತ್ತಿ ಬಂದ ತೇಗ ಇರುತ್ತದೆ. ಇಲ್ಲವೇ ಮೊನ್ನೆ ಮೊನ್ನೆ ಕೊಯ್ದ ಹಸಿ ಮತ್ತಿ ಇರುತ್ತದೆ. ಸಿಕ್ಕಿದ್ದನ್ನು ತರುತ್ತಾರೆ. ಹಿತ್ತಿಲಲ್ಲೇ ಹಲಸು, ಸಿಲ್ವರ್ ಓಕ್ ನಿಂತಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಕಡಿದು, ಕೊಯ್ದು, ಒಣಗಿಸಲು ಸಮಯ ಎಲ್ಲಿದೆ?

ಊರ ಮರವನ್ನು ಬಳಸಬೇಕು ಅಂದರೆ ಈ ಕ್ರಮವನ್ನೇ ತಿರುಗಿಸಬೇಕು. ಮರದ ಕೆಲಸ ಪಾಯಕ್ಕಿಂತ ಒಂದು ವರ್ಷ ಮುಂಚೆ ಶುರುವಾಗಬೇಕು. ಯಾವ ಮರ, ಎಷ್ಟು ಉದ್ದ, ಎಷ್ಟು ದಪ್ಪ ಸಿಗುತ್ತದೆ ಎಂದು ಗೊತ್ತಾದ ಮೇಲೆ ಆರ್ಕಿಟೆಕ್ಟ್ ಹತ್ತಿರ ಕೂತರೆ ನಕ್ಷೆಯೂ ಬೇರೆ ಥರ ಬರುತ್ತದೆ. ಹಿಂದಿನವರು ಮಾಡುತ್ತಿದ್ದುದೂ ಇದನ್ನೇ. ಮಲೆನಾಡಿನ ತೊಟ್ಟಿಮನೆ, ಕರಾವಳಿಯ ಗುತ್ತಿನ ಮನೆ, ಕೊಡಗಿನ ಐನ್‌ಮನೆ, ಯಾವುದನ್ನು ನೋಡಿದರೂ ಕಂಬದಿಂದ ಕಂಬಕ್ಕಿರುವ ದೂರ ಅಲ್ಲಿ ಸಿಕ್ಕ ತೊಲೆಯ ಉದ್ದಕ್ಕೆ ತಕ್ಕ ಹಾಗಿರುತ್ತದೆ.

1. ಸುತ್ತ ಏನಿದೆ ನೋಡಿ

ತೇಗ ಎಂಬ ಹೆಸರನ್ನು ಸ್ವಲ್ಪ ಹೊತ್ತು ಮರೆತುಬಿಡಿ. ತೇಗ ಒಳ್ಳೆಯ ಮರ, ಸಂಶಯವೇ ಇಲ್ಲ. ಆದರೆ ಹೆಸರು ನೋಡಿ ಕೊಂಡರೆ ಮೋಸ ಹೋಗುವುದೇ ಜಾಸ್ತಿ. ತೇಗದಲ್ಲಿ ಗೆದ್ದಲಿಗೆ, ನೀರಿಗೆ ತಡೆಯುವುದು ಒಳಗಿನ ಕೆಚ್ಚು ಮಾತ್ರ. ತೊಗಟೆಯ ಕೆಳಗಿನ ಬಿಳಿ ಭಾಗವನ್ನು ಗೆದ್ದಲು ಬೇರೆ ಮರದಂತೆಯೇ ತಿನ್ನುತ್ತದೆ. ಎಳೆಯ ತೇಗದಲ್ಲಿ ಬಿಳಿಯೇ ಹೆಚ್ಚು. ಅಂಥ ತೇಗಕ್ಕಿಂತ ಬಲಿತ ಹಲಸು ಎಷ್ಟೋ ಮೇಲು.

ಕಾಫಿ ಸೀಮೆಯವರಿಗೆ, ಅಂದರೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೆ, ಕೈಗೆ ಮೊದಲು ಸಿಗುವುದು ಸಿಲ್ವರ್ ಓಕ್. ಆಸ್ಟ್ರೇಲಿಯಾ ಮೂಲದ ಈ ಮರವನ್ನು ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೆ ನೆಟ್ಟರು. ಮಾರಾಟವಾಗುವುದು ಪ್ಲೈವುಡ್ ಕಾರ್ಖಾನೆಗೆ, ಪ್ಯಾಕಿಂಗ್ ಪೆಟ್ಟಿಗೆಗೆ. ಆದರೆ ಸರಿಯಾಗಿ ಕೊಯ್ದ ಹಲಗೆಯ ಮೇಲೆ ಜರಿಯಂಥ ಹೊಳೆಯುವ ಚುಕ್ಕೆಗಳು ಮೂಡುತ್ತವೆ. ಮನೆಯೊಳಗಿನ ಕೆಲಸಕ್ಕೆ ಇದನ್ನು ನಾವು ತೀರಾ ಕಡೆಗಣಿಸಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಕರಾವಳಿ, ಉತ್ತರ ಕನ್ನಡ, ಶಿವಮೊಗ್ಗದ ಕಡೆ ಅಕೇಶಿಯಾ. ಅರಣ್ಯ ಇಲಾಖೆ ನೆಟ್ಟ ಅಕೇಶಿಯಾ ಪ್ಲಾಂಟೇಶನ್‌ಗಳ ಬಗ್ಗೆ ಜಗಳ ಬೇಕಾದಷ್ಟಿದೆ, ಅದು ನ್ಯಾಯವಾದ ಜಗಳವೇ. ಆದರೂ ಬೆಳೆದು ನಿಂತ ಮರದ ಕೆಚ್ಚು ಕಡು ಕಂದು ಬಣ್ಣದ್ದು, ಗಟ್ಟಿಯಾದದ್ದು. ಮೆಟ್ಟಿಲಿಗೆ, ನೆಲಕ್ಕೆ, ಮೇಜಿಗೆ ಚೆನ್ನಾಗಿ ಒಗ್ಗುತ್ತದೆ. ಕಾಂಡ ಸೊಟ್ಟ, ಹಾಗಾಗಿ ಉದ್ದದ ತುಂಡು ಸಿಗುವುದು ಕಷ್ಟ. ಇದೇ ಸೀಮೆಯಲ್ಲಿ ಹಲಸು, ಹೆಬ್ಬಲಸು, ಹಳೇ ತೆಂಗು ಕೂಡ ಇವೆ. ತೆಂಗಿನಲ್ಲಿ ಗಟ್ಟಿ ಇರುವುದು ಹೊರಭಾಗ, ನಡು ಮೆದು. ಮುದಿ ಮರದ ಹೊರಗಿನ ಪಟ್ಟಿ ಮಾತ್ರ ಕೆಲಸಕ್ಕೆ ಬರುತ್ತದೆ.

ಬಯಲುಸೀಮೆಯಲ್ಲಿ ಬೇವು, ಜಾಲಿ, ಮಾವು, ಈಚೆಗೆ ಹೆಬ್ಬೇವು. ಗಾಡಿ, ನೇಗಿಲಿಗೆ ಜಾಲಿಯನ್ನೇ ಬಳಸುತ್ತಿದ್ದರು ಎಂಬುದನ್ನು ನೆನಪಿಸಿಕೊಂಡರೆ ಅದರ ಗಟ್ಟಿತನ ಅರ್ಥವಾಗುತ್ತದೆ. ಹೆಬ್ಬೇವು ಬೇಗ ಬೆಳೆಯುತ್ತದೆ, ಹಗುರ. ಅದನ್ನು ಹೊರೆ ಹೊರುವ ಕಡೆ ಹಾಕಬೇಡಿ.

ಇದೆಲ್ಲಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಕೆಡವುತ್ತಿರುವ ಹಳೇ ಮನೆಗಳನ್ನು. ಹಳೇ ಜಂತೆ, ಕಂಬ, ಮುಚ್ಚಿಗೆಯ ಹಲಗೆ ಇವಕ್ಕಿಂತ ಚೆನ್ನಾಗಿ ಒಣಗಿದ ಮರ ಎಲ್ಲೂ ಸಿಗದು. ಮೊಳೆ ಕೀಳಿಸಿ, ಆಮೇಲೆ ಸಾಮಿಲ್‌ಗೆ ಕಳಿಸಿ. ಒಂದೇ ಒಂದು ಮೊಳೆ ಉಳಿದರೂ ಗರಗಸದ ಹಲ್ಲು ಹೋಗುತ್ತದೆ, ಮಿಲ್‌ನವರು ಮತ್ತೆ ನಿಮ್ಮ ಮರ ಮುಟ್ಟುವುದಿಲ್ಲ.

ಅಂಗಡಿಯವರು ಕೊಟ್ಟ ಮರ ಯಾವುದೆಂದು ಅನುಮಾನ ಬಂದರೆ, ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಆ್ಯಂಡ್ ಟೆಕ್ನಾಲಜಿಯಲ್ಲಿ ತುಂಡು ಕೊಟ್ಟು ಜಾತಿ ಪರೀಕ್ಷೆ ಮಾಡಿಸಬಹುದು. ದೊಡ್ಡ ಮೊತ್ತದ ಖರೀದಿಯಾದರೆ ಇದು ಮಾಡಿಸಲೇಬೇಕಾದ ಕೆಲಸ.

2. ಕಾಗದಪತ್ರ

"ನನ್ನ ಜಾಗ, ನನ್ನ ಮರ" ಎಂದು ಗರಗಸ ಹಿಡಿಯಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ತೆಂಗು, ರಬ್ಬರ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ವಿನಾಯಿತಿಯ ಪಟ್ಟಿ ಆಮೇಲೆ ತಿದ್ದುಪಡಿಯಾಗಿದೆ. ಆದ್ದರಿಂದ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲೇ ಕೇಳಿ, ನೆಂಟರ ಮಾತು ನಂಬಬೇಡಿ. ಕಡಿಯಲು ಅನುಮತಿ ಬೇಡವೆಂದ ಮಾತ್ರಕ್ಕೆ ಲಾರಿಯಲ್ಲಿ ಸಾಗಿಸಲು ಕಾಗದ ಬೇಡ ಎಂದಲ್ಲ. ಅದನ್ನು ಬೇರೆಯಾಗಿ ಕೇಳಿ. ಶ್ರೀಗಂಧ, ಬೀಟೆ, ತೇಗಕ್ಕೆ ಓಡಾಟ ಜಾಸ್ತಿ.

ಇನ್ನೊಂದು ತೊಡಕು ಜಮೀನಿನ ಬಗೆಯದ್ದು. ಪಹಣಿಯಲ್ಲಿ ನಿಮ್ಮ ಹೆಸರಿದ್ದರೂ ಮರದ ಹಕ್ಕು ನಿಮ್ಮದಾಗಿರಬೇಕೆಂದಿಲ್ಲ. ಮಲೆನಾಡಿನ ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನಲ್ಲಿ, ರೈತನಿಗೆ ಇರುವುದು ಸೊಪ್ಪು, ದರಗಿನಂಥ (ಒಣ ಎಲೆ) ಸವಲತ್ತು. ಕೊಡಗಿನ ಬಾಣೆ ಜಮೀನಿನಲ್ಲಿ (ಗದ್ದೆಗೆ ಸೇರಿಸಿ ಬಿಟ್ಟ ಮರಗಾಡು) ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದ್ದಾರೋ ಇಲ್ಲವೋ ಎಂಬುದರ ಮೇಲೆ ಹಕ್ಕು ನಿಂತಿದೆ. ದರಖಾಸ್ತಿನ ಜಮೀನಿದ್ದರೆ ಮಂಜೂರಾತಿಯ ಷರತ್ತು ಓದಿ.

ಹೊರಗೆ ಕೊಳ್ಳುವವರು ಬಿಲ್ ಇಲ್ಲದ ಮರ ತರಬೇಡಿ, ಎಷ್ಟೇ ಅಗ್ಗವಾದರೂ. ದಾಂಡೇಲಿಯಂಥ ಕಡೆ ಅರಣ್ಯ ಇಲಾಖೆಯ ಡಿಪೋಗಳಲ್ಲಿ ಹರಾಜು ನಡೆಯುತ್ತದೆ. ಒಂದು ಲಾಟ್‌ನಲ್ಲಿ ಒಳ್ಳೆಯ ದಿಮ್ಮಿಯ ಜೊತೆ ಸುಮಾರಾದದ್ದೂ ಇರುತ್ತದೆ. ಮನೆ ಕಟ್ಟುವ ಎರಡು ಮೂರು ಕುಟುಂಬಗಳು ಸೇರಿ ಕೊಂಡರೆ ಅನುಕೂಲ.

3. ಲೆಕ್ಕ ಕಲಿಯಿರಿ

ದುಂಡು ಮರದ ಅಳತೆಗೆ ನಮ್ಮಲ್ಲಿ ಕಾಲು ಸುತ್ತಳತೆಯ ಲೆಕ್ಕ ನಡೆಯುತ್ತದೆ. ದಿಮ್ಮಿಯ ನಡುವಿನ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿಯಿರಿ. ಅದನ್ನು 4ರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಅಡಿಯಲ್ಲಿರುವ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿ. 48 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿ 10 ಘನ ಅಡಿ ಆಗುತ್ತದೆ. ನಿಜಕ್ಕೂ ಆ ದುಂಡಿನಲ್ಲಿ ಇರುವುದು ಸುಮಾರು 12.7 ಘನ ಅಡಿ. ಹೊರಪಟ್ಟಿ ಕೊಯ್ದು ಹೋಗುತ್ತದಲ್ಲ, ಅದಕ್ಕೆ ಬಿಟ್ಟ ರಿಯಾಯಿತಿ ಅದು. ಕೊಯ್ದ ಮೇಲೆ ಇದರಿಂದ 6ರಿಂದ 7 ಘನ ಅಡಿ ಒಳ್ಳೆಯ ಹಲಗೆ ಬಂದರೆ ಸಂತೋಷಪಡಿ.

ಈಗ ಬೇಕಾದದ್ದನ್ನು ಲೆಕ್ಕ ಹಾಕಿ. ಹೊಸ್ತಿಲು ಸೇರಿ ಮೂರೂವರೆ ಅಡಿ ಅಗಲ, 7 ಅಡಿ ಎತ್ತರದ ದಾರಂದಕ್ಕೆ ಒಟ್ಟು 21 ಅಡಿ ಉದ್ದ ಬೇಕು. 5 ಇಂಚು, 3 ಇಂಚಿನ ತುಂಡಾದರೆ ಸುಮಾರು 2.2 ಘನ ಅಡಿ. ಹೀಗೆ ಒಂದೊಂದೇ ಬರೆದು ಕೂಡಿಸಿ. ಮನೆಗೆ ಎಷ್ಟು ಮರ ಬೇಕು ಎಂದು ಅಂಗಡಿಯವರ ಬಾಯಿಂದ ಕೇಳುವುದಕ್ಕಿಂತ ನೀವೇ ಹೇಳುವುದು ಮೇಲು, ಅಲ್ವಾ?

4. ಕಡಿಯುವುದು, ಕೊಯ್ಯುವುದು

ಅಮಾವಾಸ್ಯೆ ಹತ್ತಿರ ಕಡಿದರೆ ಹುಳ ಹಿಡಿಯುವುದಿಲ್ಲ ಎಂಬ ನಂಬಿಕೆ ಇದೆ. ತಿಥಿ ನೋಡುವವರು ನೋಡಿ, ನನ್ನ ಒತ್ತು ತಿಂಗಳಿನ ಮೇಲೆ. ಮಳೆ ನಿಂತು ನೆಲ ಒಣಗಿದ ಮೇಲೆ, ಡಿಸೆಂಬರ್, ಜನವರಿಯಲ್ಲಿ ಕಡಿಸಿ. ಆಗ ಮುಂದಿನ ಮಳೆಗಾಲದವರೆಗೆ ಒಣಗಲು ತಿಂಗಳುಗಳು ಸಿಗುತ್ತವೆ. ಜೂನ್‌ನಲ್ಲಿ ಕಡಿದ ಬಿಳಿ ಜಾತಿಯ ಮರ ಬೂಸ್ಟು ಹಿಡಿದು ಕಪ್ಪಾಗುತ್ತದೆ.

ಕಡಿದ ದಿಮ್ಮಿಯನ್ನು ಹೊಲದಲ್ಲೇ ಬಿಟ್ಟು "ಒಣಗಲಿ" ಎನ್ನುವವರು ಬಹಳ. ಅಲ್ಲಿ ಒಣಗುವುದಕ್ಕಿಂತ ಸೀಳುವುದೇ ಜಾಸ್ತಿ. ಎರಡೂ ತುದಿಗೆ ಅದೇ ದಿನ ಹಳೇ ಪೇಂಟನ್ನೋ ಕರಗಿಸಿದ ಮೇಣವನ್ನೋ ದಪ್ಪಕ್ಕೆ ಬಳಿಯಿರಿ. ನೀರು ತುದಿಯಿಂದಲೇ ಬೇಗ ಹೊರಹೋಗುವುದು, ಸೀಳು ಶುರುವಾಗುವುದೂ ಅಲ್ಲಿಂದಲೇ. ಆಮೇಲೆ ಆದಷ್ಟು ಬೇಗ ಸಾಮಿಲ್‌ಗೆ ಒಯ್ಯಿರಿ. ರಬ್ಬರ್ ಮರವಾದರಂತೂ ಕೆಲವೇ ದಿನಗಳೊಳಗೆ ಕೊಯ್ದು ಔಷಧಿ ಹಾಕಬೇಕು, ಇಲ್ಲದಿದ್ದರೆ ಕುಟ್ಟೆ ಹುಳ ಹಿಡಿಯುವುದು ಖಚಿತ.

ಮಿಲ್‌ನಲ್ಲಿ ನೀವೇ ಇರಿ. ಮೂರು ಮಾತು ಹೇಳಿ. ಒಂದು, ಮರದ ನಟ್ಟನಡುವಿನ ತಿರುಳು ಹಲಗೆಯೊಳಗೆ ಬರಬಾರದು, ಬಂದರೆ ಆ ಹಲಗೆ ಸೀಳುತ್ತದೆ. ಎರಡು, ಒಂದು ಇಂಚಿನ ಹಲಗೆ ಬೇಕಿದ್ದರೆ ಒಂದೂಕಾಲು ಇಂಚಿಗೆ ಕೊಯ್ಯಿರಿ. ಒಣಗುವಾಗ, ಕೀಸುವಾಗ ಉಳಿದದ್ದು ಹೋಗುತ್ತದೆ. ಮೂರು, ಸಿಲ್ವರ್ ಓಕ್‌ನಲ್ಲಿ ಹಲಗೆಯ ಮುಖ ನಡುವಿನಿಂದ ತೊಗಟೆಯ ಕಡೆಗೆ ಹೋಗುವಂತೆ ಕೊಯ್ಯಬೇಕು. ಆ ಹೊಳೆಯುವ ಚುಕ್ಕೆ ಕಾಣುವುದು ಹಾಗೆ ಕೊಯ್ದಾಗಲೇ. ಹಾಗೆ ಕೊಯ್ದ ಹಲಗೆ ಸೊಟ್ಟಗಾಗುವುದೂ ಕಡಿಮೆ. ಮರ ಸ್ವಲ್ಪ ಜಾಸ್ತಿ ವ್ಯರ್ಥವಾಗುತ್ತದೆ, ಮಿಲ್‌ನವರು ಗೊಣಗುತ್ತಾರೆ. ಗೊಣಗಲಿ. ಸಿಲ್ವರ್ ಓಕ್‌ನ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಏಳುತ್ತದೆ. ತುಂಬು ತೋಳಿನ ಅಂಗಿ ಹಾಕಿಕೊಂಡು ಹೋಗಿ.

5. ಒಣಗಿಸುವುದು

ಇಡೀ ಕೆಲಸದಲ್ಲಿ ಮನೆ ಮಾಲೀಕರು ತಾವೇ ನಿಂತು ಮಾಡಬೇಕಾದದ್ದು ಇದು. ಬಡಗಿ ಎಷ್ಟೇ ಜಾಣನಾಗಿರಲಿ, ಹಸಿ ಮರದಲ್ಲಿ ಒಳ್ಳೆಯ ಬಾಗಿಲು ಮಾಡಲಾರ.

ಮೊದಲು ಮರದ ಸ್ವಭಾವ ತಿಳಿಯಿರಿ. ಹಸಿ ಮರದಲ್ಲಿ ಸಣ್ಣ ಸಣ್ಣ ಜೀವಕೋಶಗಳ ಟೊಳ್ಳಿನೊಳಗಿನ ನೀರು ಮೊದಲು ಹೋಗುತ್ತದೆ. ಆಗ ತೂಕ ಇಳಿಯುತ್ತದೆ, ಅಳತೆ ಬದಲಾಗುವುದಿಲ್ಲ. ತೇವ ಸುಮಾರು 25ರಿಂದ 30%ಕ್ಕಿಂತ ಕೆಳಗೆ ಬಂದಾಗ ಕುಗ್ಗುವುದು ಶುರು. ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲದಲ್ಲಿ ಕುಗ್ಗುತ್ತದೆ. ಬೆಳವಣಿಗೆಯ ಉಂಗುರದ ಜಾಡಿನಲ್ಲಿ ಆಗುವ ಕುಗ್ಗು, ನಡುವಿನಿಂದ ಹೊರಕ್ಕೆ ಆಗುವ ಕುಗ್ಗಿನ ಸುಮಾರು ಎರಡರಷ್ಟು. ಹಲಗೆ ದೋಣಿಯಂತೆ ಬಾಗುವುದು ಈ ವ್ಯತ್ಯಾಸದಿಂದ.

ಅಟ್ಟಿ ಕಟ್ಟುವ ಬಗೆ ಹೀಗೆ. ಮಳೆ, ನೇರ ಬಿಸಿಲು ಎರಡೂ ತಾಗದ, ಆದರೆ ಗಾಳಿ ಆಡುವ ಮಾಡಿನ ಕೆಳಗೆ ಜಾಗ ನೋಡಿ. ಅಡಿಕೆ ಚಪ್ಪರದ ಪಕ್ಕದ ಶೆಡ್ಡು, ಕೊಟ್ಟಿಗೆಯ ಅಟ್ಟ ಎಲ್ಲವೂ ನಡೆಯುತ್ತದೆ. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲೋ ಇಟ್ಟಿಗೆಯೋ ಜೋಡಿಸಿ ಮಟ್ಟ ಮಾಡಿ. ಹಲಗೆಯ ಒಂದೊಂದು ಸಾಲಿಗೂ ನಡುವೆ ಒಂದು ಇಂಚು ದಪ್ಪದ ಒಣ ರೀಪು ಇಡಿ, ಎರಡೆರಡು ಅಡಿಗೆ ಒಂದರಂತೆ. ಮೇಲಿನ ಸಾಲಿನ ರೀಪು ಕೆಳಗಿನ ಸಾಲಿನ ರೀಪಿನ ನೇರಕ್ಕೇ ಬರಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಹಲಗೆ ಅಲೆಯಲೆಯಾಗಿ ಒಣಗುತ್ತದೆ, ಆಮೇಲೆ ಯಾರೂ ನೆಟ್ಟಗೆ ಮಾಡಲಾರರು. ಮೇಲೆ ಭಾರಕ್ಕೆ ಕಲ್ಲು ಹೇರಿ.

ಗಾಳಿಯಲ್ಲಿ ಒಣಗಿಸಿದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೇ ಲೆಕ್ಕ. ಹೆಬ್ಬೇವಿನಂಥ ಹಗುರ ಮರ ಅದಕ್ಕಿಂತ ಬೇಗ ಒಣಗುತ್ತದೆ. ಮತ್ತಿ, ಅಕೇಶಿಯಾ ನಿಧಾನ. ಅವಸರ ಮಾಡಿದರೆ ಇವೆರಡೂ ಮೈತುಂಬ ಬಿರುಕು ಬಿಡುತ್ತವೆ. ಅವುಗಳ ಅಟ್ಟಿಗೆ ಮೊದಲ ಕೆಲವು ವಾರ ಗೋಣಿತಾಟು ಇಳಿಬಿಟ್ಟು ಗಾಳಿ ತಗ್ಗಿಸಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಮರವೂ ಒಣಗುವುದಿಲ್ಲ ಎಂದೇ ಹಿಡಿಯಿರಿ. ಕಾಯಲು ಆಗದವರು ಕಿಲ್ನ್ (ಬಿಸಿಗಾಳಿಯಲ್ಲಿ ಮರ ಒಣಗಿಸುವ ಕೋಣೆ) ಇರುವ ಮಿಲ್‌ಗೆ ಕೊಡಿ, ಅಲ್ಲಿ ವಾರಗಳಲ್ಲಿ ಮುಗಿಯುತ್ತದೆ.

ಒಣಗಿತೋ ಇಲ್ಲವೋ ಎಂದು ಬೆರಳಲ್ಲಿ ತಟ್ಟಿ ಹೇಳುವವರಿದ್ದಾರೆ. ನೀವು ತೂಕ ಮಾಡಿ. ಹಲಗೆಯ ತುದಿಯಿಂದ ಒಂದು ಅಡಿ ಬಿಟ್ಟು, ಒಂದು ಇಂಚು ಅಗಲದ ತುಂಡು ಕತ್ತರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 250 ಗ್ರಾಂ ಇತ್ತು ಅನ್ನಿ. ಅದನ್ನು ಓವನ್‌ನಲ್ಲಿ 100ರಿಂದ 105 ಡಿಗ್ರಿಯಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. 200 ಗ್ರಾಮಿಗೆ ನಿಂತಿತು. ಹೋದ ನೀರು 50 ಗ್ರಾಂ. ಅದನ್ನು ಒಣ ತೂಕ 200ರಿಂದ ಭಾಗಿಸಿದರೆ 25%. ಇನ್ನೂ ಕಾಯಬೇಕು. ಚುಚ್ಚಿ ನೋಡುವ ಮೀಟರ್ ಕೊಂಡರೆ ಕೆಲಸ ಸುಲಭ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮನೆಯೊಳಗಿನ ಕೆಲಸಕ್ಕೆ 10ರಿಂದ 12%, ಕರಾವಳಿಗೆ ಅದಕ್ಕಿಂತ ಎರಡು ಮೂರು ಅಂಕ ಹೆಚ್ಚಿದ್ದರೂ ನಡೆಯುತ್ತದೆ. ತೀರ್ಥಹಳ್ಳಿಯಲ್ಲಿ ಒಣಗಿಸಿದ ಹಲಗೆಯನ್ನು ಬೆಂಗಳೂರಿನ ಎಸಿ ಕೋಣೆಗೆ ಹಾಕುವುದಾದರೆ ಅಲ್ಲಿಗೇ ಒಯ್ದು ಮತ್ತೆ ಕೆಲವು ವಾರ ಅಟ್ಟಿ ಕಟ್ಟಿಡಿ.

6. ಹುಳಕ್ಕೆ ಔಷಧಿ

ಹಲಸು, ಹೊನ್ನೆ, ತೇಗದ ಕೆಚ್ಚಿಗೆ ಇದು ಅಷ್ಟಾಗಿ ಬೇಡ. ಸಿಲ್ವರ್ ಓಕ್, ಮಾವು, ರಬ್ಬರ್, ಹೆಬ್ಬೇವು, ಬಿದಿರಿಗೆ ಬೇಕೇ ಬೇಕು. ಮನೆಯೊಳಗಿನ ಬಳಕೆಗೆ ಬೋರಿಕ್ ಆ್ಯಸಿಡ್ ಮತ್ತು ಬೋರಾಕ್ಸ್ ಸಾಕು. ಬೋರಿಕ್ 1 ಪಾಲು, ಬೋರಾಕ್ಸ್ ಒಂದೂವರೆ ಪಾಲು ಬೆರೆಸಿ ನೀರಿನಲ್ಲಿ ಕರಗಿಸುತ್ತಾರೆ. ಬಿದಿರಿಗೆ ಸಾಮಾನ್ಯವಾಗಿ 5% ದ್ರಾವಣ, ಹಲಗೆಗೆ ಇನ್ನೂ ಗಟ್ಟಿ. ಕೊಯ್ದ ಹಸಿ ಹಲಗೆಯನ್ನೇ ಮುಳುಗಿಸಿ ತೆಗೆದು, ಪ್ಲಾಸ್ಟಿಕ್ ಹೊದಿಸಿ ಕೆಲವು ವಾರ ಇಡಬೇಕು. ಮರದೊಳಗಿನ ನೀರಿನ ಮೂಲಕವೇ ಔಷಧಿ ಒಳಗೆ ಇಳಿಯುತ್ತದೆ. ಒಣಗಿದ ಮೇಲೆ ಬಳಿದರೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ಅಂದರೆ ಈ ಕೆಲಸ ಒಣಗಿಸುವುದಕ್ಕೆ ಮುಂಚೆ. ಕೈಗವಸು ಹಾಕಿ, ಉಳಿದ ನೀರನ್ನು ಬಾವಿ ಹತ್ತಿರ ಚೆಲ್ಲಬೇಡಿ. ಮಳೆ ತಾಗುವ ಕಡೆ ಈ ಔಷಧಿ ತೊಳೆದುಹೋಗುತ್ತದೆ, ಹೊರಗಿನ ಕೆಲಸಕ್ಕೆ ಇದನ್ನು ನೆಚ್ಚಬೇಡಿ.

7. ಯಾವ ಮರ ಎಲ್ಲಿಗೆ

ಹೊರಬಾಗಿಲು, ಕಿಟಕಿಯ ಚೌಕಟ್ಟಿಗೆ ಹಲಸು, ಹೆಬ್ಬಲಸು, ಮತ್ತಿ, ಬಲಿತ ಬೇವು. ಬಾಗಿಲಿನ ಹಲಗೆಗೆ ಹಲಸು. ಮೈಸೂರಿನ ವೀಣೆಗೆ ಬಳಸುವುದು ಇದೇ ಮರ. ಹೊಸದಾಗಿ ಹಳದಿ, ವರ್ಷ ಕಳೆದಂತೆ ಕೆಂಗಂದು. ಮೆಟ್ಟಿಲಿಗೆ, ನೆಲಕ್ಕೆ ಅಕೇಶಿಯಾ. ಮುಚ್ಚಿಗೆಗೆ, ವಾರ್ಡ್‌ರೋಬ್ ಬಾಗಿಲಿಗೆ, ಪುಸ್ತಕದ ಕಪಾಟಿಗೆ ಸಿಲ್ವರ್ ಓಕ್. ಸೀಳಿದ ಅಡಿಕೆ ದಬ್ಬೆ ಜಗಲಿಯ ತಡಿಕೆಗೆ ಈಗಲೂ ಚೆಂದ. ಸಿಂಕಿನ ಕೆಳಗಿನ ಡಬ್ಬಕ್ಕೆ ಮಾತ್ರ ನೀರು ತಡೆಯುವ ಒಳ್ಳೆ ಪ್ಲೈ ಹಾಕಿ. ಎಲ್ಲ ಕಡೆ ಗಟ್ಟಿಮರವೇ ಬೇಕೆಂಬ ಹಟ ಸುಮ್ನೆ ಖರ್ಚು.

ಊರ ಮರದಲ್ಲಿ ಉದ್ದ, ಅಗಲ ಎರಡೂ ಕಡಿಮೆ ಸಿಗುವುದು. ಹೊಸ ಥರದ ವಿನ್ಯಾಸಕ್ಕೆ ಅದೇ ಅನುಕೂಲ. 3 ಇಂಚು ಅಗಲದ ಪಟ್ಟಿಗಳ ಮುಚ್ಚಿಗೆ, ನಾಲ್ಕಡಿ ಉದ್ದದ ತುಂಡುಗಳನ್ನು ಹೆಣೆದ ನೆಲ, ಒಂದಿಂಚಿನ ಸರಳುಗಳ ಜಾಲರಿ ಇವೆಲ್ಲ ಚಿಕ್ಕ ತುಂಡಿನಲ್ಲೇ ಆಗುತ್ತವೆ. ಆರ್ಕಿಟೆಕ್ಟ್‌ಗೆ ಮೊದಲೇ ಹೇಳಿ: ನಮ್ಮ ಹಲಗೆಯ ಅಗಲ ಇಷ್ಟು, ಅದಕ್ಕೆ ತಕ್ಕ ಅಳತೆ ಹಾಕಿ.

ಇನ್ನು ಜೋಡಣೆ. 10 ಇಂಚು ಅಗಲದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ 3ರಿಂದ 4 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಅದಕ್ಕೆ ಬಾಗಿಲಿನ ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಅಂಟು ಹಾಕದೆ ಸಡಿಲವಾಗಿ ಕೂರಿಸಬೇಕು. ಬಡಗಿ ಫೆವಿಕಾಲ್ ಬಾಟಲಿ ಎತ್ತಿಕೊಂಡರೆ ತಡೆಯಿರಿ. ಗೋಡೆಗೆ ತಾಗುವ ದಾರಂದದ ಬೆನ್ನಿಗೆ ಬಿಟುಮೆನ್ ಬಳಿಯಿರಿ. ಹೊನ್ನೆ ಒದ್ದೆಯಾದರೆ ಬಣ್ಣ ಬಿಡುತ್ತದೆ, ಸುಣ್ಣದ ಗೋಡೆ ಕಲೆಯಾಗುತ್ತದೆ. ಸೀಲ್ ಮಾಡದೆ ಕೂರಿಸಬೇಡಿ. ಒಗರು ಇರುವ ಮರಕ್ಕೆ ಕಬ್ಬಿಣದ ಸ್ಕ್ರೂ ಹಾಕಿದರೆ ಸುತ್ತ ಕಪ್ಪು ಕಲೆ. ಕರಾವಳಿಯಲ್ಲಂತೂ ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್.

ಕಂಬವನ್ನು ನೇರ ನೆಲಕ್ಕೆ ಇಳಿಸಬೇಡಿ. ಬೆಂಗಳೂರಿನಲ್ಲಿ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆಗೆ ಹೋದಾಗ ಕಣ್ಣು ಕೆಳಗೆ ಹಾಯಿಸಿ. ತೇಗದ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿವೆ. ಕಲ್ಲು ಇದ್ದರೆ ಒರೆಸುವ ನೀರು ಮರದ ಬುಡಕ್ಕೆ ತಾಗುವುದಿಲ್ಲ, ಗೆದ್ದಲು ಹತ್ತಿದರೆ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ.

8. ಮೇಲಿನ ಲೇಪ

ಸಿಲ್ವರ್ ಓಕ್‌ಗೆ ತೇಗದ ಬಣ್ಣ ಬಳಿಸಬೇಡಿ, ದಯವಿಟ್ಟು. ಮನೆಯೊಳಗೆ ಅಗಸೆ ಎಣ್ಣೆ, ಮೇಲೆ ಜೇನುಮೇಣ ಸಾಕು. ಗೀರು ಬಿದ್ದರೆ ಮತ್ತೆ ಒರೆಸಿದರಾಯಿತು. ಊಟದ ಮೇಜಿಗೆ, ಮೆಟ್ಟಿಲಿಗೆ ಪಿಯು (ಪಾಲಿಯುರೆಥೇನ್) ಪಾಲಿಶ್. ಪಕಾಸು, ರೀಪಿಗೆ ಕರಾವಳಿಯ ಗೇರೆಣ್ಣೆ ಇನ್ನೂ ಒಳ್ಳೆಯದೇ, ಆದರೆ ಚರ್ಮ ಸುಡುತ್ತದೆ, ಹುಷಾರು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ. ಬಾಗಿಲಿನ ಮೇಲಂಚು, ಕೆಳಂಚಿಗೂ ಲೇಪ ಹಚ್ಚಿಸಿ. ಕಾಣುವುದಿಲ್ಲ ಎಂದು ಎಲ್ಲರೂ ಬಿಡುವುದು ಅವನ್ನೇ, ತೇವ ಒಳಹೋಗುವುದೂ ಅಲ್ಲಿಂದಲೇ.

ಮೊದಲ ಮಳೆಗಾಲದಲ್ಲಿ ಬಾಗಿಲು ಬಿಗಿಯಾದರೆ ಕೂಡಲೇ ಬಡಗಿಯನ್ನು ಕರೆದು ಕೀಸಬೇಡಿ. ಈಗ ಕೀಸಿದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಜನವರಿವರೆಗೆ ಕಾಯಿರಿ. ಆಗಲೂ ಬಿಗಿ ಇದ್ದರೆ ಒಂದು ಸುತ್ತು ಕೀಸಿ, ಕೀಸಿದ ಕಡೆ ಅವತ್ತೇ ಎಣ್ಣೆ ಹಚ್ಚಿ.